ಕೊಕ್ಕರೆಯ ಎಡಗಾಲು

ಅವನನ್ನು ಎಲ್ಲರೂ ಕರೆಯುವುದು ಕಿಡಿ ಎಂದು. ವೆಲ್ಡಿಂಗ್ ಕೆಲಸಕ್ಕೆ ಅರ್ಧ ಹೆಸರು, ಮೂಗಿನ ತುದಿಯ ಸಿಟ್ಟಿಗೆ ಇನ್ನರ್ಧ.

ಬಸ್ ನಿಲ್ದಾಣದ ಎದುರಿನ ಪಾರ್ಕಿನಲ್ಲಿ ಎರಡಾಳೆತ್ತರ ನಿಂತಿರುವ ಗುಜರಿ ಕಬ್ಬಿಣದ ಕೊಕ್ಕರೆಯನ್ನು ಮಾಡಿದ್ದು ಅವನು ಮತ್ತು ಅವನ ಅಣ್ಣ. ಲಾರಿಯ ಸ್ಪ್ರಿಂಗ್ ಪಟ್ಟಿಗಳ ರೆಕ್ಕೆ, ಸೈಕಲ್ ಚೈನಿನ ಕುತ್ತಿಗೆ, ದರ್ಜಿಯ ಹಳೇ ಕತ್ತರಿಯ ಕೊಕ್ಕು. ಅಣ್ಣ ಬೆಸೆಯುವುದು, ಬೆಸುಗೆಯ ಮೇಲೆ ಕೂರುವ ಕಪ್ಪು ಪೊರೆಯನ್ನು ಕಿಡಿ ಸುತ್ತಿಗೆಯಿಂದ ಕುಟ್ಟಿ ಉದುರಿಸುವುದು. ಇಪ್ಪತ್ತು ವರ್ಷ ಇದೇ ಪದ್ಧತಿ. ಕೊಕ್ಕರೆಯ ಎಡಗಾಲೊಂದನ್ನು ಮಾತ್ರ ಕಿಡಿ ಹಟ ಹಿಡಿದು ತಾನೇ ಬೆಸೆದ.

"ಬೆಸುಗೆ ಒಳಗೆ ಹಿಡಿದಿಲ್ಲ, ಬಿಚ್ಚಿ ಮತ್ತೆ ಮಾಡು" ಎಂದ ಅಣ್ಣ, ನಾಲ್ಕು ಜನರೆದುರು.

"ನಿನ್ನ ಕೈಕೆಳಗೆ ಕುಟ್ಟಿದ್ದು ಸಾಕು" ಎಂದು ಕಿಡಿ ಸುತ್ತಿಗೆ ಬಿಸಾಕಿ ಹೊರಟ.

ಅದಾಗಿ ಹನ್ನೊಂದು ವರ್ಷ. ಎದುರು ಸಿಕ್ಕರೂ ಮಾತಿಲ್ಲ. ಕಿಡಿ ಬೇರೆ ಅಂಗಡಿ ಹಾಕಿದ, ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಮಾತಾಡಬೇಕೆನಿಸಿದರೆ ರೇಡಿಯೋಗೆ ಬೈಯುತ್ತಿದ್ದ.

ಹೋದ ವಾರದ ಗಾಳಿಗೆ ಎಡಗಾಲಿನ ಬೆಸುಗೆ ಬಾಯಿ ಬಿಟ್ಟಿತು. ಹಕ್ಕಿ ಬೇಲಿಗೆ ಒರಗಿತು. "ನಾಳಿದ್ದು ಲಾರಿ ಬರತ್ತೆ, ಗುಜರಿಗೆ ಹಾಕ್ತಾರಂತೆ" ಎಂದ ಪಾರ್ಕಿನ ಕಾವಲುಗಾರ. ಒಬ್ಬನೇ ಎತ್ತಿ ಹಿಡಿದು ಒಬ್ಬನೇ ಬೆಸೆಯುವ ಕೆಲಸವಲ್ಲ ಅದು. ಕಿಡಿ ಅಣ್ಣನ ಮನೆಯ ಬಾಗಿಲು ತಟ್ಟಿದ.

ಅತ್ತಿಗೆ ಬಾಗಿಲು ಅರ್ಧ ತೆರೆದಳು. "ಏನು, ಮೈದುನರಿಗೆ ದಾರಿ ತಪ್ಪಿತಾ?"

"ಕೊಕ್ಕರೆ ಕಾಲು ಮುರೀತು ಅಂತ ಅಣ್ಣಂಗೆ ಹೇಳಿ ಅತ್ತಿಗೆ."

"ನೀವೇ ಹೇಳಿ. ಅವರ ಕಿವಿ ಚೆನ್ನಾಗೇ ಇದೆ."

ಒಳಗೆ ಯಾರೋ ಕೆಮ್ಮಿದರು, ಏನೋ ಗೊಣಗಿದರು. ಅತ್ತಿಗೆ ತಿರುಗಿ ಕೇಳಿಸಿಕೊಂಡು ಬಂದಳು. "ಯಾವ ಕಾಲು ಅಂತ ಕೇಳ್ತಿದಾರೆ."

ಕಿಡಿಗೆ ನೆತ್ತಿಯವರೆಗೂ ಬೆಂಕಿ ಏರಿತು. ತಿರುಗಿ ಹೋಗಲು ಒಂದು ಹೆಜ್ಜೆಯನ್ನೂ ಇಟ್ಟ. ಆಮೇಲೆ ನಿಂತು, ಹೊಸಿಲು ನೋಡುತ್ತ, "ಎಡಗಾಲು. ನಾನು ಬೆಸೆದಿದ್ದು" ಎಂದ.

ಬಾಗಿಲು ಮೆಲ್ಲಗೆ ಮುಚ್ಚಿತು.

ಮಾರನೇ ದಿನ ಬೆಳಿಗ್ಗೆ, ಕಾವಲುಗಾರನಿಗೆ ಹೇಳಿಟ್ಟಿದ್ದಂತೆ ಎಂಟಕ್ಕೆ, ಆದದ್ದಾಗಲಿ ಎಂದು ಒಬ್ಬನೇ ಜಾಕ್, ವೆಲ್ಡಿಂಗ್ ಸಾಮಾನಿನ ಚೀಲ ಹೊತ್ತು ಹೋದರೆ, ಕೊಕ್ಕರೆ ನೆಟ್ಟಗೆ ನಿಂತಿದೆ.

"ಆರಕ್ಕೇ ಬಂದಿದ್ರು ನಿಮ್ಮಣ್ಣ" ಎಂದ ಕಾವಲುಗಾರ. "ನಿಮ್ಮತ್ತಿಗೆ, ನಾನು ಹಕ್ಕಿಗೆ ಆನಿಕೆ ಕೊಟ್ಟು ಹಿಡಿದ್ವಿ. ನೀವು ಎಷ್ಟೊತ್ತಿಗೆ ಬರ್ತೀರಿ ಅಂತ ಕೇಳಿದ್ರು. ಎಂಟಕ್ಕೆ ಅಂದೆ. ಏಳೂವರೆಗೇ ಹೊರಟ್ಬಿಟ್ರು."

ಕಿಡಿ ಬಗ್ಗಿ ನೋಡಿದ. ಬೆಸುಗೆ ಸುತ್ತಲೂ ಒಂದೇ ಸಮ, ಇನ್ನೂ ಬೆಚ್ಚಗಿತ್ತು. ಮೇಲಿನ ಕಪ್ಪು ಪೊರೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಅವನು ಬೀದಿಯ ಆ ತುದಿಯವರೆಗೆ ಕಣ್ಣು ಹಾಯಿಸಿದ. ಯಾರೂ ಇರಲಿಲ್ಲ. ನೆಲದಲ್ಲಿ ಮಂಡಿಯೂರಿ, ಚೀಲದಿಂದ ಸುತ್ತಿಗೆ ತೆಗೆದು, ಸಣ್ಣಗೆ ಕುಟ್ಟತೊಡಗಿದ.