ಹೌದ್ ಎಂದರೆ ತೊಟ್ಟಿ

ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಕ್ಕಿ ತೊಳೆದ ನೀರು ಬಿದ್ದಾಗ ಏಳುವ ವಾಸನೆಗೆ ಯಾರೂ ಹೆಸರಿಟ್ಟಂತಿಲ್ಲ. ಇಡುವುದಾದರೆ ನಮ್ಮ ಅಜ್ಜಿಯ ಹೆಸರಿಡಬೇಕು. ನಾಸಿಕದಲ್ಲಿ ನಮ್ಮ ಹೋಟೆಲಿನ ಮುಂದೆ, ಈಗ ಸ್ಕೂಟರುಗಳು ಒಂದನ್ನೊಂದು ತಬ್ಬಿ ನಿಲ್ಲುವ ಕಡೆ, ಕುದುರೆ ಎತ್ತುಗಳಿಗೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ ಕರಿಕಲ್ಲಿನ ತೊಟ್ಟಿಯಿತ್ತು. ನಿಮ್ಮ ಊರಿನಲ್ಲೂ ಒಂದಿದ್ದಿರಬೇಕು, ನೆನಪಿಸಿಕೊಳ್ಳಿ. ನಮ್ಮ ತೊಟ್ಟಿಯ ನಲ್ಲಿ ನಾನು ಹುಟ್ಟುವ ಮೊದಲೇ ಸೇವೆಯಿಂದ ನಿವೃತ್ತವಾಗಿತ್ತು. ತೆರವಾದ ಹುದ್ದೆಯನ್ನು ಕುಂದಾಪುರದಿಂದ ಬಂದ ಅಜ್ಜಿ ವಹಿಸಿಕೊಂಡು, ಅಡುಗೆಮನೆಯಲ್ಲಿ ಅಕ್ಕಿ ತೊಳೆದ ಅಕ್ಕಚ್ಚನ್ನೆಲ್ಲ ದಿನವೂ ಅದಕ್ಕೆ ಸುರಿಯುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಟಾಂಗಾದ ರಾಮಭಾವೂ ತನ್ನ ಬಿಳಿ ಕುದುರೆಯೊಂದಿಗೆ ಹಾಜರು. ಅದು ಕುಡಿಯುವಷ್ಟು ಹೊತ್ತು ಅವನು ಮರಾಠಿಯಲ್ಲಿ ಸೊಸೆಯನ್ನು ಬಯ್ಯುತ್ತಿದ್ದ. ಒಂದಕ್ಷರ ತಿಳಿಯದ ಅಜ್ಜಿ "ಹೌದ್, ಹೌದ್" ಎನ್ನುತ್ತಿದ್ದಳು. ಆ ಊರಿನಲ್ಲಿ ಅವಳಿಗಿದ್ದ ಬಳಗವೆಂದರೆ ರಾಮಭಾವೂ, ಅವನ ಕುದುರೆ, ಇವರಿಬ್ಬರೇ. ತೊಟ್ಟಿಯಿಲ್ಲದಿದ್ದರೆ ಇಬ್ಬರಿಗೂ ಅಲ್ಲಿ ನಿಲ್ಲುವ ಕಾರಣವಿರಲಿಲ್ಲ.

ಒಂದು ದಿನ ರಸ್ತೆ ಅಗಲ ಮಾಡುವ ಸಾಹೇಬ ಬಂದ. ತೊಟ್ಟಿಯ ಪಕ್ಕ ಯಜಮಾನಿಯಂತೆ ಕುಳಿತಿದ್ದ ಅಜ್ಜಿಯನ್ನೇ, "ಆಜೀ, ಹೇ ಫೋಡೂ ಕಾ?" ಎಂದು ಕೇಳಿದ. ಇದನ್ನು ಒಡೆಯಲೇ ಎಂದು. ಅಜ್ಜಿ ಎಂದಿನಂತೆ ಕೈಯೆತ್ತಿ "ಹೌದ್! ಹೌದ್!" ಎಂದಳು. ಮರಾಠಿಯಲ್ಲಿ ಹೌದ್ ಎಂದರೆ ನೀರಿನ ತೊಟ್ಟಿ. ಮುದುಕಿ ತೊಟ್ಟಿಗಾಗಿ ಬಾಯಿ ಬಡಿದುಕೊಳ್ಳುತ್ತಿದ್ದಾಳೆಂದು ಸಾಹೇಬ ಬೆಚ್ಚಿದ. "ಹೋ ಆಜೀ, ಹೌದ್ ಆಹೇ, ರಾಹೂ ದ್ಯಾ," ಹೌದಜ್ಜಿ, ತೊಟ್ಟಿಯೇ, ಇರಲಿ ಬಿಡಿ ಎಂದು ಕೈಮುಗಿದು ಹೊರಟ. ಸಂಪೂರ್ಣ ಸಮ್ಮತಿ ಕೊಟ್ಟು ಒಂದು ಸ್ಮಾರಕವನ್ನು ಉಳಿಸಿದ ಕೀರ್ತಿ ನಮ್ಮ ಅಜ್ಜಿಯೊಬ್ಬಳದೇ.

ಹೋಟೆಲಿಗೆ ಹೋಟೆಲೇ ನಕ್ಕಿತು. ಗಲ್ಲಾದಲ್ಲಿದ್ದ ಅಪ್ಪನಿಗೆ ಮಾತ್ರ ಮಾನ ಹೋದಂತಾಗಿ, "ಅಮ್ಮ, ಇಲ್ಲಿ ಹೌದ್ ಅಲ್ಲ ಮಾರಾಯ್ತಿ, ಹೋ! ಹೋ ಅಂದ್ ಹೇಳ್ಕ್!" ಎಂದು ಮರಾಠಿಯ ಹೌದಿನ ಪಾಠ ಶುರುಮಾಡಿದ.

"ಬಂದವ್ರಿಗೆ ಹೋ ಅಂಬುದಾ? ಎಂತಾ ಮರ್ಯಾದಿ ಅದ್?" ಎಂದು ಅಜ್ಜಿ ಗೊಣಗಿದಳು. ಕುಂದಾಪುರದಲ್ಲಿ ಹೋ ಎಂದರೆ ಹೋಗು. ಆದರೂ ಕಲಿತಳು.

ಮುಂದಿನ ಬೇಸಿಗೆಯಲ್ಲಿ ಬೇರೊಬ್ಬ ಸಾಹೇಬ ಬಂದು ಅದೇ ಪ್ರಶ್ನೆ ಕೇಳಿದ. ಅಜ್ಜಿ ಸೆರಗು ಸರಿಪಡಿಸಿಕೊಂಡು, ಶುದ್ಧ ಮರಾಠಿಯಲ್ಲಿ "ಹೋ" ಎಂದಳು. ಅಪ್ಪ ಮಂಡಿಯಿಂದ ತರಕಾರಿ ತರುವಷ್ಟರಲ್ಲಿ ಅಲ್ಲಿ ಕಲ್ಲಿನ ಚೂರುಗಳಿದ್ದವು.

ಮರುದಿನವೂ ಅವಳು ಅಕ್ಕಚ್ಚಿನ ಬಕೆಟ್ ಹಿಡಿದು ನಿಂತಳು. ಟಾಂಗಾ ಬಂತು, ಅದರ ಹಿಂದೆಯೇ ಲಾರಿಯ ಹಾರ್ನು. ರಾಮಭಾವೂ ಟಾಂಗಾ ನಿಲ್ಲಿಸಲಾಗದೆ ಕೈಬೀಸಿ ಏನೋ ಕೂಗಿದ. ಕುದುರೆ ಅಭ್ಯಾಸದಂತೆ ಕತ್ತು ಹೊರಳಿಸಿತು.

"ಹೋ," ಎಂದಳು ಅಜ್ಜಿ, ಮೆಲ್ಲಗೆ. ಅದು ಯಾವ ಭಾಷೆಯದೆಂದು ನಾವ್ಯಾರೂ ಕೇಳಲಿಲ್ಲ.