ಎಂಟು ಪಾವು, ಎಂಟು ಬಳ್ಳ

ನನ್ನ ತಂಗಿ ನೀಲವ್ವ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ, ಈ ಊರಿನಲ್ಲಿ ಅವಳಿಗಾಗಿ ಮೊದಲು ಅತ್ತವರು ತೆಲುಗಿನಲ್ಲಿ ಅತ್ತರು. "ಅಯ್ಯೋ ನಾ ತಲ್ಲೀ", ಅಯ್ಯೋ ನನ್ನ ತಾಯೀ, ಎಂದು ಎದೆ ಬಡಿದುಕೊಂಡವರು ನಮ್ಮ ಮನೆಯ ಮಾಲೀಕರು, ಮುನಿರತ್ನಮ್ಮ. ನೀಲವ್ವನನ್ನು ಅವರು ಒಮ್ಮೆಯೂ ಕಂಡವರಲ್ಲ. ನನಗೆ ಕಣ್ಣೀರೇ ಬರಲಿಲ್ಲ. ಅವಳಿಗೆ ತಿಳಿಯದ ಭಾಷೆಯಲ್ಲಿ ಅವಳನ್ನು ಕರೆಯುತ್ತಿದ್ದಾರಲ್ಲ ಎಂದು ಬೆಪ್ಪಾಗಿ ನಿಂತಿದ್ದೆ.

ನಾನೂ ನನ್ನ ಗಂಡನೂ ಸಿಂದಗಿ ಕಡೆಯಿಂದ ಮುಳಬಾಗಿಲಿಗೆ ಬಂದದ್ದು ಟೊಮೆಟೊ ಸಸಿ ಬೆಳೆಸುವ ನರ್ಸರಿಯ ಕೆಲಸಕ್ಕೆ. ಅಲ್ಲಿ ಹೇಗಿದೆ ಎಂದು ನಮ್ಮೂರಿನವರು ನೀವೆಲ್ಲ ಕೇಳುತ್ತಿರುತ್ತೀರಿ. ಇಲ್ಲಿಯದೂ ಕನ್ನಡವೇ, ಆದರೆ ಮಾತಿನ ಬಾಲ ತೆಲುಗಿನಂತೆ ಮೇಲೇಳುತ್ತದೆ. ನೀವು ರೊಟ್ಟಿ ಬಡಿಯುವ ಹೊತ್ತಿಗೆ ಇಲ್ಲಿ ಮುದ್ದೆ ತಿರುವುತ್ತಾರೆ. ಅದನ್ನು ಅಗಿಯದೆ ನುಂಗಲು ಕಲಿತ ದಿನ ಮೊದಲು ನೀಲವ್ವನಿಗೇ ಹೇಳಿದ್ದೆ. ಬಹಳ ಹೊತ್ತು ನಕ್ಕಿದ್ದಳು.

ಅಳತೆಯೂ ಬೇರೆ. ಮುನಿರತ್ನಮ್ಮನವರಿಂದ ರಾಗಿ ಕೊಂಡಾಗ ಕಡಿಮೆಯಾಯಿತೆಂದು ಗೊಣಗಿದ್ದೆ.

"ಏನಮ್ಮಾ, ನಿಮ್ ಕಡೆ ಸೇರ್ಗೆ ಹೊಟ್ಟೆ ದೊಡ್ದಾ?"

ಹಾಗೆಂದು ನಕ್ಕು, ನಾಲ್ಕು ಪಾವಿಗೆ ಒಂದು ಸೇರು, ಎಂಟು ಪಾವಿಗೆ ಒಂದು ಬಳ್ಳ ಎಂದು ಸುರಿದೇ ತೋರಿಸಿದರು. ಅಳೆಯುವಾಗ ಮಾತ್ರ ನಮ್ಮವರಂತೆಯೇ, ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎಂದು ಶುರು ಮಾಡಿದರು. ಆಮೇಲೆ 'ಎರಡು'. ಅಂದು ಮೊದಲ ಸಲ ಈ ಮನೆ ಹೊರಗಿನದೆನಿಸಲಿಲ್ಲ.

ನೀಲವ್ವನನ್ನು ಮಣ್ಣು ಮಾಡಿ ನಾನು ಇಲ್ಲಿಗೆ ಮರಳಿದ ಮೇಲೆ ತಮ್ಮ ಬಸು ಫೋನು ಮಾಡಿದ. ಅವಳ ಫೋನು ಚಾರ್ಜು ಹಿಡಿಯುವುದನ್ನೇ ಬಿಟ್ಟಿತ್ತು. ಅದರಲ್ಲಿ ಅವಳ ಮದುವೆಯ ವಿಡಿಯೊ ಇತ್ತು. ಯಾರಿಗೂ ಹೇಳದೆ ತನ್ನ ದನಿಯಲ್ಲೇ ಹಾಡಿ ತುಂಬಿಟ್ಟುಕೊಂಡ ಬೀಸುವ ಪದಗಳೂ ಇದ್ದವು.

"ಇದ್ದಷ್ಟು ಚಾರ್ಜಿನ್ಯಾಗ ಬಂದಷ್ಟೇ ಖರೆ ಅಕ್ಕಾ. ನೋಡಾಕಂತ ಒಂದು ಪದ ಕಳಸೀನಿ, ಬಂತಿಲ್ಲೋ?"

"ಬಂತು. ಸ್ಪೀಡ್ ಎಷ್ಟದ?"

"ಸೆಕೆಂಡಿಗೆ ಎಂಟು ಎಂಬಿ ತೋರಸ್ತದ."

ಮದುವೆಯ ವಿಡಿಯೊ ಸಾವಿರದ ಎಂಟುನೂರು ಎಂಬಿ. ದಿನವೂ ಸಸಿಗಳ ಲೆಕ್ಕ ಹಾಕುವವಳು ನಾನು, ಬಾಯಲ್ಲೇ ಭಾಗಿಸಿದೆ. ನಾಲ್ಕು ನಿಮಿಷವೂ ಬೇಡ.

"ದೊಡ್ಡದು ಮದಲ್ ಕಳಸು. ಪದಾ ಸಣ್ಣವು, ಆಮ್ಯಾಲ ಪಟ್ಟನ ಬರ್ತಾವ."

ನಾಲ್ಕು ನಿಮಿಷ ಕಳೆಯಿತು. "ಕಾಲು ಭಾಗನೂ ಹೋಗಿಲ್ಲಲ್ಲ ಅಕ್ಕಾ" ಎಂದ ಬಸು. ಈಗ ನಿಲ್ಲಿಸಿದರೆ ಹೋದದ್ದೂ ಹಾಳಾದೀತೆಂದು ಹೆದರಿ, ಬಿಡು ಹೋಗಲಿ ಎಂದೆ. ಹೋದಷ್ಟನ್ನು ಅವನು ಆಗಾಗ ಓದಿ ಹೇಳುತ್ತಿದ್ದ, ಅರ್ಧಕ್ಕೆ ಬಂತು.

"ಅಕಿ ಫೋನ್ ಆರಿತು ಅಕ್ಕಾ."

ರಿಪೇರಿ ಅಂಗಡಿಯವರೂ ಕೈಚೆಲ್ಲಿದರು. ಅರ್ಧ ಬಂದ ವಿಡಿಯೊ ತೆರೆಯಲೇ ಇಲ್ಲ.

ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯದೆ, ಇಲ್ಲಿ ಇಂಟರ್ನೆಟ್ ಕೊಡುವ ಅಂಗಡಿಯ ಹುಡುಗಿಯನ್ನು ಕೇಳಿದೆ. "ಸ್ಪೀಡ್‌ನ ಬಿಟ್‌ನಲ್ಲಿ ಹೇಳ್ತಾರೆ ಆಂಟಿ, ಫೈಲ್ ಬೈಟ್‌ನಲ್ಲಿರುತ್ತೆ. ಎಂಟು ಬಿಟ್ ಸೇರಿದ್ರೆ ಒಂದ್ ಬೈಟು. ಎರಡಕ್ಕೂ ಎಂಬಿ ಅಂತಾರೆ ಅಷ್ಟೆ. ನಿಮ್ಗೆ ಬರ್ತಿದ್ದಿದ್ದು ಸೆಕೆಂಡ್‌ಗೆ ಒಂದೇ ಎಂಬಿ. ಅರ್ಧ ಗಂಟೆ ಬೇಕಿತ್ತು."

ಅಂಗಡಿಯ ಮೆಟ್ಟಿಲಿಳಿಯುತ್ತ ಮತ್ತೆ ಭಾಗಿಸಿದೆ. ಎಂಟು ಪಾವನ್ನು ನಾನು ಎಂಟು ಬಳ್ಳವೆಂದು ತಿಳಿದಿದ್ದೆ. ಅಷ್ಟು ಸಲ ಕಣ್ಣೆದುರೇ ಅಳೆಸಿಕೊಂಡ ಮೇಲೂ. ಪದಗಳನ್ನು ಮೊದಲು ಕೇಳಿದ್ದರೆ ಅಷ್ಟೂ ಬಂದಿರುತ್ತಿದ್ದವು.

ಮನೆಗೆ ಬಂದಾಗ "ಹಾಡು ಎಷ್ಟು ಬಂದ್ವಮ್ಮಾ?" ಎಂದರು ಮುನಿರತ್ನಮ್ಮ.

"ಒಂದೇ."

"ಒಂದು ಅನ್ಬಾರ್ದು ಕಣಮ್ಮಾ" ಎಂದು ಮೆಲ್ಲಗೆ ಹೇಳಿ, ಹಾಕು ಎಂದು ಪಕ್ಕದಲ್ಲಿ ಕೂತರು. ಅರ್ಧ ಮಾತು ಅವರಿಗೆ ತಿಳಿಯಲಿಲ್ಲ. ಆದರೂ ಕಿವಿಗೆ ಕೈ ಹಚ್ಚಿ ಕೇಳಿದರು. ಪದ ಮುಗಿಯುವ ಮುನ್ನವೇ ನೀಲವ್ವ ನಕ್ಕುಬಿಡುತ್ತಾಳೆ. "ಸಾಕ್ ಸಾಕು, ರೊಟ್ಟಿ ಹೊತ್ತತಾವ."

ರೊಟ್ಟಿ ತಿರುವಿ ಹಾಕಲೆಂದು ನಾನು ದಡಕ್ಕನೆ ಎದ್ದೆ. ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿತ್ತು. ಯಾವ ಒಲೆಗೆ ಎದ್ದೆನೆಂದು ತಿಳಿಯದೆ ಹಾಗೇ ನಿಂತೆ.