ಎರಡು ಎತ್ತು, ಐದು ಕಣ್ಣು

ಆಟಿಗೆ ಅಂಗಡಿಯಲ್ಲಿ ಸಿಗುತ್ತದೆ ಎಂಬುದೇ ನಮಗೆ ಗೊತ್ತಿಲ್ಲದ ಕಾಲವದು. ಇಂಡಿಯಿಂದ ಸಾಲೋಟಗಿ ಕಡೆಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿನಲ್ಲಿ ಆಟಿಗೆಗಳು ಬೆಳೆಯ ಹಾಗೆ ಹಂಗಾಮು ನೋಡಿಕೊಂಡು ಬರುತ್ತಿದ್ದವು. ಜೋಳ ಕೊಯ್ದ ಮೇಲೆ ದಂಟಿನ ಬಂಡಿ, ದಂಟಿನ ಚಷ್ಮಾ. ದಂಟಿನ ಸಿಪ್ಪೆ ಬೆರಳು ಕೊಯ್ದರೆ ಬಾಯಲ್ಲಿಟ್ಟುಕೊಂಡು ಚೀಪಿ ಮತ್ತೆ ಕೆಲಸಕ್ಕೆ ಕೂತೆವು ಅಂದರೆ ಆಯಿತು. ಬೇಸಿಗೆಯಲ್ಲಿ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗಲು ಬೆಳ್ಳಗೆ ಮಾಡಿದರೆ ಪಗಡೆಗೆ ದಾಳ. ಗಂಡುಹುಡುಗರ ಬಗರಿ, ಚಿಣಿಪಣಿ ಬೀದಿಯಲ್ಲಿ. ನಮ್ಮ ಆಣಿಕಲ್ಲಾಟ ಕಟ್ಟೆಯ ಮೇಲೆ. ಮಳೆಗಾಲ ತೆರೆಯುವ ಮಿರಗದ ಮಳೆ ಎರಡು ಹನಿ ಉದುರಿಸಿ ನೆಲ ಘಮ್ಮೆಂದಿತೋ, ಅಷ್ಟೂ ಆಟಿಗೆಗಳನ್ನು ಮೂಲೆಗೆ ಸೇರಿಸಿ ನಾವು ಮಣ್ಣಿಗೆ ಬೀಳುತ್ತಿದ್ದೆವು.

ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಪೂಜೆಯಾದರೆ, ಅದಾಗಿ ಹದಿನೈದು ದಿನಕ್ಕೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣಿನಲ್ಲಿ ಒಂದು ಜೋಡಿ ಎತ್ತು ಮಾಡಿ, ಮುಂದೊಂದು ಮೇವಿನ ಗ್ವಾದಲಿ ಕಟ್ಟಿ, ಅದರಲ್ಲಿ ನಾಕು ಎಳೆ ಹುಲ್ಲಿಟ್ಟು, ಕಡಬು ಎಡೆ ಹಿಡಿಯುತ್ತಿದ್ದರು. ಪೂಜೆ ಮುಗಿದ ಮೇಲೆ ಸಂಜೆಯ ತನಕ ಎತ್ತು ಮಕ್ಕಳವು. ದಂಟಿನ ಬಂಡಿಗೆ ಹೂಡಿದೆವು, ಕಟ್ಟೆ ತುಂಬ ಓಡಿಸಿದೆವು. ಮರುದಿನ ಬೆಳಿಗ್ಗೆ ನಮ್ಮಪ್ಪನ ತಾಯಿ, ಅಂದರೆ ನಮ್ಮ ಆಯಿ, ಅವನ್ನು ಮಾಳಿಗೆಯ ಮೇಲೆ, ಮನೆಯ ಮಣ್ಣಿನ ಚಾವಣಿಯಲ್ಲಿ, ಇಡಿಸುತ್ತಿದ್ದಳು. ಮೊದಲ ದೊಡ್ಡ ಮಳೆಗೆ ಅವು ಕರಗಿ ಮಾಳಿಗೆಯ ಮಣ್ಣಿನಲ್ಲಿ ಸೇರಬೇಕು. ಒಳಗೆ ಇಟ್ಟುಕೊಳ್ಳುವಂತಿಲ್ಲ. ಒಂದೇ ಸಂಜೆಯ ಆಟಿಗೆ ಅದು. ಅದಕ್ಕೇ ಇರಬೇಕು, ವರ್ಷವಿಡೀ ನಾನು ಆ ಸಂಜೆಗೆ ಕಾಯುತ್ತಿದ್ದೆ.

ನಮ್ಮ ಮನೆಯ ಜೋಡಿಯನ್ನು ಮಾಡುತ್ತಿದ್ದವಳು ಫಾತಿಮಾ. ಪಕ್ಕದ ಮನೆಯವಳು, ನಡುವೆ ಒಂದೇ ಗೋಡೆ. ನನ್ನಷ್ಟೇ ವಯಸ್ಸು, ಶಾಲೆಯಲ್ಲಿ ಇಬ್ಬರೂ ಐದನೆಯತ್ತೆ. ಎಲ್ಲರ ಬಾಯಲ್ಲೂ ಅವಳು ಫಾತಿ. ಅವಳಪ್ಪ ಗೌಂಡಿ. ಮಣ್ಣು ಕಲಸಿ ಗೋಡೆ ಏರಿಸುವುದು ಅವರ ಮನೆತನದ ಕೆಲಸ. ಆ ಕೈ ಮಗಳಿಗೂ ಬಂದಿತ್ತು. ಅವರ ಮನೆಯಲ್ಲಿ ಮಣ್ಣೆತ್ತಿನ ಪೂಜೆಯಿಲ್ಲ, ಆದರೆ ಓಣಿಯ ಅರ್ಧ ಮನೆಗಳ ಪೂಜೆಯ ಎತ್ತು ಅವಳ ಕೈಯವೇ. ಆಯಿಯಂತೂ ಎಂಟು ದಿನ ಮುಂಚೆಯೇ ಗೋಡೆಯಾಚೆಗೆ ಕೂಗಿ ಹೇಳುತ್ತಿದ್ದಳು: "ಫಾತೀ, ನಮ್ಮ ಮನಿ ಜೋಡಿ ಮದಲ ಮಾಡಬೇಕ ನೋಡವ್ವಾ. ನಮ್ಮ ಶಾಂತಿ ಮಾಡಿದ್ದು ಎತ್ತೋ ನಾಯಿಯೋ ದೇವರಿಗೇ ತಿಳೀಬೇಕು."

ಆಯಿ ಸುಳ್ಳೇನೂ ಹೇಳುತ್ತಿರಲಿಲ್ಲ. ನನ್ನ ಎತ್ತಿನ ಒಂದು ಕೋಡು ಮೇಲೆ ನೋಡಿದರೆ ಇನ್ನೊಂದು ಕಿವಿಯ ಕಡೆ ಇಳಿಯುತ್ತಿತ್ತು. ಎರೆಮಣ್ಣು ಬಲು ಹಟದ ಮಣ್ಣು. ಹಸಿಯಿದ್ದಾಗ ಕೈಬಿಡುವುದಿಲ್ಲ, ಒಣಗಿದರೆ ಬಿರುಕು ಬಿಡುತ್ತದೆ. ಫಾತಿ ಅದನ್ನು ಒಂದು ರಾತ್ರಿ ಹಸಿ ಗೋಣಿಯ ಕೆಳಗಿಟ್ಟು, ಬೆಳಿಗ್ಗೆ ಕಲ್ಲಿನ ಮೇಲೆ ಚೆನ್ನಾಗಿ ಬಡಿದು, ಹಿಂಜಿದ ಹತ್ತಿಯ ಎಳೆ ಬೆರೆಸಿ ನಾದುತ್ತಿದ್ದಳು. ಕೋಡಿನೊಳಗೆ ಕಸಬರಿಗೆಯ ಕಡ್ಡಿ. ಕಣ್ಣಿಗೆ ಎರಡು ಬಿಳಿಜೋಳದ ಕಾಳು. ಬೆನ್ನಿನ ಮೇಲೆ ಡುಬ್ಬದಂತೆ ಏಳುವ ಇಣಿಯನ್ನು ಮಾತ್ರ ಕೊನೆಗೆ ಮಾಡುತ್ತಿದ್ದಳು. ಉಸಿರು ಬಿಗಿಹಿಡಿದು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಹಿಂದಕ್ಕೆ ಎಳೆದಳೆಂದರೆ, ಅಲ್ಲಿಯ ತನಕ ಮಣ್ಣಾಗಿದ್ದದ್ದು ಎತ್ತಾಗಿ ನಿಲ್ಲುತ್ತಿತ್ತು.

"ನನಗೂ ಕಲಿಸ," ಎಂದು ನಾನು ದುಂಬಾಲು ಬೀಳುತ್ತಿದ್ದೆ.

"ಕಲಿಸೇನಲ್ಲ, ಹೋದ ವರ್ಷಾನೂ ಕಲಿಸೇನಿ. ನೀ ಮಣ್ಣ ಜೋಡಿ ಜಗಳಾ ತಗೀತಿ. ಸಾವಕಾಶ ಒತ್ತಬೇಕ ಶಾಂತೀ," ಅನ್ನುವಳು. ನನ್ನ ಎತ್ತನ್ನು ಎತ್ತಿ ಹಿಡಿದು ನೋಡಿ, "ಇದಕ್ಕ ಕೋಡ ಯಾಕ? ಬೊಗಳಾಕ ಕಲಿಸು, ಮನಿ ಕಾಯ್ತೈತಿ," ಎಂದು ನಕ್ಕುಬಿಡುವಳು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದು ಅವಳಿಗೆ ಗೊತ್ತಾಗಿ ಇನ್ನಷ್ಟು ನಗುತ್ತಿದ್ದಳು.

ಆ ವರ್ಷ ಅವಳು ನಗಲಿಲ್ಲ. ಹಿತ್ತಲಲ್ಲಿ ಮಣ್ಣು ನಾದುತ್ತ, ತಲೆಯೆತ್ತದೆ ಹೇಳಿದಳು:

"ನಾವು ತಂಗಡಗಿಗೆ ಹೊಂಟೇವಿ."

"ಯಾವಾಗ ಬರ್ತೀರಿ?"

"ಬರಂಗಿಲ್ಲ. ನಮ್ಮವ್ವನ ಅಪ್ಪಗ ಹೊಲಾ ಮಾಡಾಕ ಆಗವಲ್ದಂತ. ಅಲ್ಲೇ ಇರೂದಂತ."

ತಂಗಡಗಿ ಮುದ್ದೇಬಿಹಾಳದ ಆಚೆ, ಕೃಷ್ಣಾ ನದಿಯ ದಂಡೆಯಲ್ಲಿದೆ ಎಂದು ಭೂಗೋಳದಲ್ಲಿ ನಾನು ಓದಿರಲಿಲ್ಲ. ಇಂಡಿಯ ಬಸ್‌ಸ್ಟ್ಯಾಂಡು ದಾಟಿದ್ದೇ ಇಲ್ಲದ ನನಗೆ ಅದು ಎಲ್ಲಿದ್ದರೂ ಒಂದೇ. ಅವಳು ಹೋಗುತ್ತಾಳೆ ಎಂಬುದಷ್ಟೇ ತಿಳಿಯಿತು.

ಆ ಸಲದ ಜೋಡಿಯಲ್ಲಿ ಒಂದು ಎತ್ತನ್ನು ಅವಳು ಕತ್ತು ಹೊರಳಿಸಿ ಮಾಡಿದ್ದಳು. ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತೆ, ತಿರುಗಿ ನೋಡುವ ಎತ್ತು. ಹಾಗೆ ಯಾರೂ ಮಾಡುವುದಿಲ್ಲ, ಪೂಜೆಯ ಎತ್ತು ನೆಟ್ಟಗೆ ಮುಂದೆ ನೋಡಬೇಕು. ಆಯಿ ಎರಡು ಸಲ ತಿರುಗಿಸಿ ನೋಡಿ, "ಇರ್ಲಿ ಬಿಡು, ಪೋರಿ ಮನಸ್ಸಿಟ್ಟು ಮಾಡ್ಯಾಳ," ಎಂದು ಕುಂಕುಮ ಹಚ್ಚಿದಳು. ಸಂಜೆ ನಾನು ಅದನ್ನು ಬಂಡಿಗೆ ಹೂಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡೇ ಕೂತೆ. ಮರುದಿನ ಜೋಡಿಯನ್ನು ಮಾಳಿಗೆಗೆ ಒಯ್ಯುವ ಕೆಲಸ ನನ್ನದೇ. ನಿಚ್ಚಣಿಕೆ ಹತ್ತುವ ಮೊದಲು ಒಳಮನೆಗೆ ಹೋಗಿ, ಕತ್ತು ಹೊರಳಿಸಿದ ಎತ್ತನ್ನು ಜೋಳದ ಕಣಜದಲ್ಲಿ ಹೂತು, ಅದರ ಬದಲಿಗೆ ನನ್ನ ಸೊಟ್ಟ ಕೋಡಿನ ಎತ್ತನ್ನು ಒಯ್ದು ಮೇಲೆ ಇಟ್ಟುಬಂದೆ. ಯಾರೂ ನೋಡಲಿಲ್ಲ.

ಅಲ್ಲಿಂದ ಮಳೆ ನಿಂತಿತು.

ಮಿರಗದಲ್ಲಿ ಹನಿಸಿದ್ದೇ ಬಂತು, ಆಮೇಲೆ ಬರೀ ಗಾಳಿ. ಮೋಡ ಸಿಂದಗಿಯ ಕಡೆಯಿಂದ ಏರಿ ಬರುವುದು, ನಮ್ಮೂರ ಮೇಲೆ ನಿಂತಂತೆ ಮಾಡುವುದು, ಹೋಗಿಬಿಡುವುದು. ಕೂರಿಗೆ ಸಜ್ಜು ಮಾಡಿ ಪಡಸಾಲೆಯಲ್ಲಿಟ್ಟುಕೊಂಡ ಅಪ್ಪ ದಿನಕ್ಕೆ ನಾಕು ಸಲ ಅಂಗಳಕ್ಕೆ ಬಂದು ಮೇಲೆ ನೋಡುತ್ತಿದ್ದ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತ ಆಯಿ ಎದುರುಮನೆಯವಳಿಗೆ ಹೇಳಿದಳು: "ಯಾರ ಮನ್ಯಾಗೋ ಎತ್ತು ಒಳಗ ಉಳದೈತಿ ನೋಡು. ಅದಕ್ಕ ಮಳಿ ಊರಾಗ ಕಾಲ ಇಡವಲ್ದು."

ನನ್ನ ಕೈಯಲ್ಲಿದ್ದ ಆಣಿಕಲ್ಲು ಕೆಳಗೆ ಬಿತ್ತು. ಊರಿನ ಹೊಲಗಳೆಲ್ಲ ನನ್ನಿಂದಾಗಿ ಒಣಗಿ ಕೂತಿವೆ! ಕಣಜದಿಂದ ಜೋಳ ತೆಗೆಯಲು ಅವ್ವ ಒಳಗೆ ಹೋದಾಗಲೆಲ್ಲ ನಾನೂ ಹಿಂದೆಯೇ ಹೋಗಿ ನಿಲ್ಲುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ಪೊಲೀಸರು ಬಂದು ಕರೆದೊಯ್ದರೂ ನ್ಯಾಯವೇ ಎನಿಸುವಷ್ಟು ಹೆದರಿದ್ದೆ.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಹಿತ್ತಲ ಗೋಡೆಯ ಹತ್ತಿರ ಫಾತಿಗೆ ಎಲ್ಲ ಹೇಳಿಬಿಟ್ಟೆ. ಮೊದಲು ಅವಳಿಗೆ ನಗು ತಡೆಯಲಾಗಲಿಲ್ಲ.

"ನಿನ್ನ ಎತ್ತು ಮ್ಯಾಲ ಐತೇನ? ಅದನ್ನ ನೋಡೇ ಮಳಿ ಓಡಿ ಹೋಗೇತಿ ತಗಿ."

"ನಗಬ್ಯಾಡಲೇ. ನಿಂದು ಕರಗಿದ್ರ ನನಗ ಏನ ಉಳೀತೈತಿ?"

ಅವಳ ನಗು ನಿಂತಿತು. ಕಾಲ ಬೆರಳಿಂದ ನೆಲ ಕೆದರಿದಳು. ಆಮೇಲೆ ಹೇಳಿದಳು: "ತಂಗಡಗಿಯೊಳಗೂ ಮಳಿ ಇಲ್ಲಂತ. ಅಜ್ಜ ಹೇಳಿ ಕಳಸ್ಯಾನ. ನಾವು ಹೋಗಿ ಬಿತ್ತೂದರ ಹೆಂಗ? ಇಡ ಹೋಗು ಮ್ಯಾಲ. ಮುಂದಿನ ವರ್ಷ ಬರ್ತೇನಿ, ಇದಕ್ಕಿಂತ ಚಂದಂದು ಮಾಡಿಕೊಡ್ತೇನಿ."

"ಆಣಿ?"

"ಆಣಿ."

ಅವಳೆದುರಿಗೇ ಎತ್ತನ್ನು ಮೇಲೆ ಒಯ್ದೆ. ನನ್ನ ಸೊಟ್ಟ ಎತ್ತನ್ನು ಕೆಳಗಿಳಿಸಲು ಮನಸ್ಸಾಗಲಿಲ್ಲ, ಅದೂ ಇರಲಿ ಎಂದು ಬೆಳಕಿಂಡಿಯ ಪಕ್ಕ ಮೂರನ್ನೂ ಸಾಲಾಗಿ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆಯೇ ಅವರ ಸಾಮಾನು ಬಂಡಿಗೆ ಏರಿತು. ಪಾತ್ರೆ, ಕೌದಿ, ಅವಳಪ್ಪನ ಗುದ್ದಲಿ, ಥಾಪಿ. ಆಯಿ ಫಾತಿಯ ಅವ್ವನ ಮಡಿಲಿಗೆ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಗಂಟು ಹಾಕಿದಳು. ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕೂತ ಫಾತಿ ನಮ್ಮ ಮಾಳಿಗೆಯ ಕಡೆ ನೋಡಿ ಹೇಳಿದ್ದು ಇಷ್ಟೇ: "ಇಣಿ ಮ್ಯಾಲ ಕೈ ಆಡಸಬ್ಯಾಡ ಶಾಂತೀ, ಬಿರಕ ಬಿಡ್ತೈತಿ."

ಬಂಡಿ ಓಣಿ ತಿರುಗಿದ್ದೇ ತಡ, ನಾನು ನಿಚ್ಚಣಿಕೆ ಹತ್ತಿದೆ. ಮಾಳಿಗೆಯಿಂದ ಇಂಡಿಯ ದಾರಿ ಕಾಣುತ್ತಿತ್ತು. ಧೂಳು ಮಾತ್ರ ಕಂಡಿತು.

ಮಳೆ ಅವತ್ತೂ ಬರಲಿಲ್ಲ. ನಾಕು ದಿನ ಬರಲಿಲ್ಲ. ದಿನಾ ಮೇಲೆ ಹತ್ತಿ ನೋಡುತ್ತಿದ್ದೆ. ಮೂರು ಎತ್ತೂ ಬಿಸಿಲಲ್ಲಿ ಒಣಗಿ ಇನ್ನಷ್ಟು ಗಟ್ಟಿಯಾಗಿ ನಿಂತಿದ್ದವು. ಫಾತಿಯದು ತಿರುಗಿ ನೋಡುತ್ತಲೇ ಇತ್ತು. ನನ್ನೊಳಗೆ ಬೇರೆ ಲೆಕ್ಕ ಶುರುವಾಯಿತು: ಮೇಲೆ ಇಟ್ಟರೂ ಮಳೆ ಬರಲಿಲ್ಲ ಅಂದಮೇಲೆ ತಪ್ಪು ನನ್ನದಲ್ಲ. ತಪ್ಪು ನನ್ನದಲ್ಲದಿದ್ದರೆ ಎತ್ತು ನನ್ನದು. ಐದನೆಯ ದಿನ ಮಧ್ಯಾಹ್ನ ಅದನ್ನು ಕೆಳಗೆ ತರುವುದೆಂದು ಗಟ್ಟಿ ಮಾಡಿಕೊಂಡು ಹತ್ತಿದೆ. ಎತ್ತನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದೆ. ಅಷ್ಟರಲ್ಲಿ ಮೊದಲ ಹನಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ದಪ್ಪ ಹನಿ. ಇನ್ನೊಂದು ಎತ್ತಿನ ಬೆನ್ನ ಮೇಲೆ ಬಿದ್ದು ಅಲ್ಲೊಂದು ಕಪ್ಪು ಚುಕ್ಕೆಯಾಯಿತು. ನಾನು ಅದನ್ನು ಲಂಗದೊಳಗೆ ಮುಚ್ಚಿಕೊಂಡು ಬೆನ್ನು ಬಾಗಿಸಿ ಕೂತುಬಿಟ್ಟೆ.

"ಶಾಂತೀ! ಇಳೀ ಕೆಳಗ! ಗುಡುಗಾಕತ್ತೈತಿ!" ಆಯಿ ಅಂಗಳದಿಂದ ಕೂಗಿದಳು. ಅವಳ ದನಿಯಲ್ಲಿ ಬೈಗುಳಕ್ಕಿಂತ ಹಿಗ್ಗೇ ಹೆಚ್ಚಿತ್ತು. ಓಣಿಯ ತುಂಬ ಜನ ಹೊರಗೆ ಬಂದಿದ್ದರು. ಅಪ್ಪ ಬರಿತಲೆಯಲ್ಲಿ ನಿಂತು ನೆನೆಯುತ್ತಿದ್ದ. ತಂಗಡಗಿಯಲ್ಲೂ ಬಂದಿದೆಯೋ ಏನೋ ಎನಿಸಿತು. ಹಾಗೆ ಎನಿಸಿದ ಮೇಲೆ ಲಂಗದೊಳಗೆ ಇಟ್ಟುಕೊಳ್ಳುವುದು ಆಗಲಿಲ್ಲ. ಅದನ್ನು ಅದರ ಜಾಗದಲ್ಲಿ ನಿಲ್ಲಿಸಿ ಇಳಿದೆ. ಇಳಿಯುವ ಮೊದಲು ಇಣಿಯ ಮೇಲೆ ಒಮ್ಮೆ ಕೈಯಾಡಿಸಿದೆ. ಬೇಡವೆಂದು ಹೇಳಿದ್ದಳು, ಆದರೂ ಆಡಿಸಿದೆ. ಅವಳ ಹೆಬ್ಬೆರಳಿನ ಗುಳಿಯಲ್ಲಿ ನನ್ನ ಹೆಬ್ಬೆರಳು ಸರಿಯಾಗಿ ಕೂತಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಎಲ್ಲರೂ ನಗುತ್ತಿದ್ದರು, ನಾನು ಬಿಕ್ಕಿಬಿಕ್ಕಿ ಅತ್ತೆ. ಹೊಟ್ಟೆನೋವು ಎಂದು ಹೇಳಿ ಅಜವಾನ ತಿನ್ನಿಸಿಕೊಂಡೆ.

ವಾರದ ಮೇಲೆ ಬಿಸಿಲು ಬಿದ್ದಾಗ, ಬೇಳೆ ಒಣಹಾಕಲು ಆಯಿ ಮಾಳಿಗೆ ಹತ್ತಿದಳು. ಮೇಲಿನಿಂದಲೇ ನನ್ನನ್ನು ಕರೆದಳು. ಎತ್ತುಗಳಿದ್ದಲ್ಲಿ ಮೂರು ಸಣ್ಣ ದಿಬ್ಬ. ಅವುಗಳಿಂದ ಬೆರಳುದ್ದದ ಹಸಿರು ಮೊಳಕೆಗಳು ಎದ್ದಿದ್ದವು. ಕಣ್ಣಿಗೆಂದು ಇಟ್ಟ ಜೋಳ ಚಿಗುರಿತ್ತು. ಆಯಿ ಸೊಂಟದ ಮೇಲೆ ಕೈಯಿಟ್ಟು ಅವನ್ನು ನೋಡಿದಳು, ನನ್ನನ್ನು ನೋಡಿದಳು.

"ನಾ ಎರಡ ಎತ್ತು ಕೊಟ್ಟಿದ್ದೆ. ಐದ ಕಣ್ಣು ಬಂದಾವಲ್ಲ ಶಾಂತೀ. ಇದೆಂಥಾ ದನಾನ?"

ನಾನು ತಲೆ ತಗ್ಗಿಸಿದೆ. ಚಿಗುರದ ಆ ಒಂದು ಕಣ್ಣು ನನ್ನ ಎತ್ತಿನದು ಎಂದು ಹೇಳುವ ಧೈರ್ಯವೂ ಆಗಲಿಲ್ಲ. ಆಯಿ ನನ್ನ ತಲೆ ಸವರಿದಳು. ಎರಡು ದಿನದ ಮೇಲೆ ಅಪ್ಪ ಅವನ್ನೆಲ್ಲ ಕಿತ್ತು ಒಗೆದ. ಮಾಳಿಗೆಯಲ್ಲಿ ಬೇರು ಇಳಿದರೆ ಸೋರುತ್ತದೆ.

ಮುಂದಿನ ವರ್ಷ ಫಾತಿ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಆಮೇಲೆ ನಾನು ಹೈಸ್ಕೂಲಿಗೆ ಹೋದೆ, ಮಣ್ಣು ಮುಟ್ಟುವುದು ಬಿಟ್ಟೆ. ಓದಿ ಮಾಸ್ತರಿಣಿಯಾದೆ, ಬಸವನ ಬಾಗೇವಾಡಿಯ ಮನೆಗೆ ಸೊಸೆಯಾದೆ, ನಿವೃತ್ತಳೂ ಆದೆ. ಈಗ ಅಮಾವಾಸ್ಯೆಯ ಮುನ್ನಾದಿನ ಸಂತೆಯಲ್ಲಿ ಬಣ್ಣ ಬಳಿದ ಎತ್ತುಗಳು ಸಾಲಾಗಿ ಕೂತಿರುತ್ತವೆ. ಅಚ್ಚಿನಿಂದ ಬಂದವು, ಎಲ್ಲವೂ ಮುಂದೆಯೇ ನೋಡುವಂಥವು. ಹಿಂದೊಮ್ಮೆ ತಂದದ್ದು ನಮ್ಮ ಟಿವಿಯ ಪಕ್ಕದಲ್ಲಿ ಹಾಗೇ ಇದೆ. ಕರಗುವುದಿಲ್ಲ, ಬಿರುಕೂ ಬಿಡುವುದಿಲ್ಲ. ಅದನ್ನು ಕಂಡರೆ ನನಗೆ ಪ್ರೀತಿಯೂ ಬರುವುದಿಲ್ಲ. ಮನೆಗೆ ಮಾಳಿಗೆ ಹೋಗಿ ಸ್ಲ್ಯಾಬು ಬಂದಿದೆ. ಅದರ ಮೇಲೆ ಬಿದ್ದ ಮಳೆ ಪೈಪಿನಲ್ಲಿಳಿದು ಗಟಾರ ಸೇರುತ್ತದೆ.

ಈ ವರ್ಷ ಮಗಳ ಮಗಳು ಹಬ್ಬಕ್ಕೆ ಬಂದವಳು ಹಟ ಹಿಡಿದಳೆಂದು ಹೊಲದಿಂದ ಒಂದು ಬುಟ್ಟಿ ಎರೆಮಣ್ಣು ತರಿಸಿದೆ. ಗೋಣಿಯ ಕೆಳಗಿಟ್ಟೆ, ಬಡಿದೆ, ಹತ್ತಿ ಬೆರೆಸಿದೆ. ಕೋಡು ಈಗಲೂ ಸೊಟ್ಟಗೇ ಬಂದವು. ಕೊನೆಗೆ ಉಸಿರು ಹಿಡಿದು ಹೆಬ್ಬೆರಳಿನಿಂದ ಒತ್ತಿ ಎಳೆದೆ. ಇಣಿ ಮಾತ್ರ ಸರಿಯಾಗಿ ಎದ್ದು ನಿಂತಿತು. ಹುಡುಗಿ ಕಣ್ಣರಳಿಸಿದಳು.

"ಯಾರು ಕಲಿಸ್ಯಾರ ಅಜ್ಜಿ?"

"ಫಾತಿ ಅಂತ, ನನ್ನ ಗೆಳತಿ."

"ಎಲ್ಲಿದಾಳ ಅಕಿ?"

"ತಂಗಡಗಿಯೊಳಗ."

"ಭಾಳ ದೂರ ಐತೇನು?"

"ಇಲ್ಲವ್ವಾ. ಮುದ್ದೇಬಿಹಾಳಕ್ಕ ಒಂದು ಬಸ್ಸು. ಅಲ್ಲಿಂದ ಇನ್ನೊಂದು."

"ಮತ್ತ ನೀ ಯಾಕ ಹೋಗಿಲ್ಲ?"

ಶಾಲೆ, ಮಕ್ಕಳ ಪರೀಕ್ಷೆ, ಮದುವೆ, ಮೊಣಕಾಲು ನೋವು ಎಂದು ನೂರು ನೆವ ನಾಲಗೆಯ ತುದಿಗೆ ಬಂದವು. ಅವಳ ಎತ್ತನ್ನು ಮಳೆಗೆ ಕೊಟ್ಟೆ ಎಂದು ಇಷ್ಟು ವರ್ಷ ನನಗೆ ನಾನೇ ದೊಡ್ಡ ತ್ಯಾಗದ ಹಾಗೆ ಹೇಳಿಕೊಂಡು ಬಂದಿದ್ದೆ. ಬರುತ್ತೇನೆಂದು ಆಣೆ ಇಟ್ಟವಳು ಅವಳೇ ಅಲ್ಲವೇ ಎಂದು ಒಳಗೊಳಗೇ ಮುನಿಸಿಕೊಂಡೂ ಇದ್ದೆ. ಐದನೆಯತ್ತೆಯ ಹುಡುಗಿ ಒಬ್ಬಳೇ ಹೇಗೆ ಬಂದಾಳು? ಹೋಗಬಲ್ಲವಳು ನಾನು, ಸಂಬಳ ಎಣಿಸುತ್ತ ಇಲ್ಲಿ ಬಾಗೇವಾಡಿಯಲ್ಲಿ ಕೂತಿದ್ದೆ, ಎರಡು ಬಸ್ಸಿನ ದೂರದಲ್ಲಿ.

ಮೊಮ್ಮಗಳು ಅಷ್ಟರಲ್ಲಿ ಎತ್ತಿನ ಕಡೆ ತಿರುಗಿದ್ದಳು. ಎರಡು ಜೋಳದ ಕಾಳು ಒತ್ತಿ ಕಣ್ಣು ಮಾಡಿದಳು. ನಾನು ಮಣ್ಣು ಒಣಗುವ ಮೊದಲು, ಆ ಎತ್ತಿನ ಕತ್ತನ್ನು ಸಾವಕಾಶ ಹಿಂದಕ್ಕೆ ಹೊರಳಿಸಿದೆ.